ಕುರುಬನು ಕುರಿಯ ಕಾಲು ಮುರಿಯುವುದಿಲ್ಲ



ಇಂದಿನ ಬರಹದಲ್ಲಿ ಸಿಟ್ಟಿದೆ. ನನ್ನ ಸಿಟ್ಟು ನಿಮಗೆ ಹೊಸದಲ್ಲ. ಆದರೆ ಅಂದಿನ ಸಿಟ್ಟು ನಿಮ್ಮ ಕಾಗುಣಿತದ ಮೇಲಿರುತ್ತಿತ್ತು, ಇಂದಿನದು ಒಂದು ಕಟ್ಟುಕತೆಯ ಮೇಲೆ.

ನನ್ನ ಅಕ್ಕನ ಮಗಳು ಹಿಂದಿನ ವರ್ಷ ತನ್ನ 19 ವರ್ಷದ ಮಗನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡಳು. (ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾಳೆ. ಗುರುತು ಹತ್ತಿದ ಬಂಧುಗಳು ದಯವಿಟ್ಟು ಫೋನು ಮಾಡಿ ವಿಚಾರಿಸಬೇಡಿ.) ನಮ್ಮ ಕ್ರೈಸ್ತ ಮನೆಗಳಲ್ಲಿ ಸಾವಾದಾಗ 23ನೆಯ ಕೀರ್ತನೆಯನ್ನು ಓದುವುದು ವಾಡಿಕೆ. ದೇವರನ್ನು ಕುರುಬನೆಂದು ಕರೆಯುವ, ಆರೇ ವಚನಗಳ ಪುಟ್ಟ ಕೀರ್ತನೆ ಅದು. ಅಂದೂ ಓದಿದೆವು. ಮೂರನೆಯ ದಿನ ಪರ ಊರಿನ ಪ್ರಸಂಗಿಯೊಬ್ಬರು ಸಾಂತ್ವನ ಹೇಳಲು ಬಂದರು. ಅದೇ ಕೀರ್ತನೆಯನ್ನು ತೆರೆದು ಒಂದು ಕತೆ ಹೇಳಿದರು. ಬೈಬಲಿನ ನಾಡಿನ ಕುರುಬರು ಪದೇ ಪದೇ ದಾರಿ ತಪ್ಪುವ ಮರಿಯ ಕಾಲನ್ನು ತಾವೇ ಮುರಿಯುತ್ತಾರಂತೆ. ಬಳಿಕ ಕಟ್ಟು ಹಾಕಿ, ವಾಸಿಯಾಗುವವರೆಗೆ ಹೆಗಲ ಮೇಲೆ ಹೊತ್ತು ತಿರುಗುತ್ತಾರಂತೆ. ಆಮೇಲೆ ಆ ಮರಿ ಕುರುಬನನ್ನು ಬಿಟ್ಟು ಅಗಲುವುದೇ ಇಲ್ಲವಂತೆ! "ಸಹೋದರೀ, ದೇವರು ನಿನ್ನ ಕಾಲನ್ನು ಮುರಿದಿದ್ದಾನೆ, ನಿನ್ನನ್ನು ಹತ್ತಿರ ಇಟ್ಟುಕೊಳ್ಳುವುದಕ್ಕಾಗಿ. ಸಮಾಧಾನ ಮಾಡಿಕೋ. ಸಮಾಧಾನ ಬರುತ್ತಿಲ್ಲವಾದರೆ ನಿನ್ನ ವಿಶ್ವಾಸದಲ್ಲಿ ಕೊರತೆಯಿದೆ ಎಂದು ತಿಳಿ" ಎಂದು ಮುಗಿಸಿದರು.

ಅವಳ ಮುಖ ಹೇಗಾಯಿತೆಂದು ನಾನು ಬರೆಯಲಾರೆ. ಮಗ ಸತ್ತದ್ದು ತನ್ನಿಂದಲೇ ಎಂದು ಅವಳಿಗೆ ಎಲ್ಲರ ಎದುರು ಹೇಳಿದಂತಾಯಿತು. ನಾನು ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದೆ. ಮೂವತ್ತು ವರ್ಷಕ್ಕೂ ಮೇಲೆ ಮಾತನಾಡಿಯೇ ಸಂಬಳ ಎಣಿಸಿದವನು, ಮಾತು ಬೇಕಾದ ಗಳಿಗೆಯಲ್ಲಿ ಬಾಯಿ ತೆರೆಯಲಿಲ್ಲ. ಸಾವಿನ ಮನೆಯಲ್ಲಿ ಜಗಳ ಬೇಡವೆಂಬುದು ನಾನು ನನಗೆ ಹೇಳಿಕೊಂಡ ನೆಪ. ಅಂದು ಹೇಳಬೇಕಾಗಿದ್ದುದನ್ನು ಇಂದು ಹೇಳುತ್ತೇನೆ.

ಆ ಕತೆ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಒಬ್ಬ ಪ್ರಸಂಗಿಯಿಂದ ಇನ್ನೊಬ್ಬ ಪ್ರಸಂಗಿಗೆ ದಾಟುತ್ತ ಬಂದ ಕಟ್ಟುಕತೆ ಅದು. ಬೈಬಲಿನಲ್ಲಿ ಇರುವುದು ಅದಕ್ಕೆ ತದ್ವಿರುದ್ಧವಾದ ಮಾತು. ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಬಾಬಿಲೋನಿಗೆ ಸೆರೆ ಹೋದವರ ನಡುವೆ ಇದ್ದ ಪ್ರವಾದಿ ಯೆಹೆಜ್ಕೇಲ. ಅವನ ಗ್ರಂಥದ 34ನೆಯ ಅಧ್ಯಾಯವನ್ನು ತೆಗೆದು ನೋಡಿ. ಅಲ್ಲಿ ದೇವರು ಬೈಯುವುದು ಕುರಿಗಳನ್ನಲ್ಲ, ಕುರುಬರನ್ನು, ಅಂದರೆ ಜನರನ್ನು ಆಳುವವರನ್ನು. ಕೊಬ್ಬನ್ನು ತಿಂದಿರಿ, ಉಣ್ಣೆಯನ್ನು ಹೊದ್ದಿರಿ, ರೋಗದ ಕುರಿಯನ್ನು ಗುಣಪಡಿಸಲಿಲ್ಲ, ಮುರಿದ ಅಂಗವನ್ನು ಕಟ್ಟಲಿಲ್ಲ, ಬಲಾತ್ಕಾರದಿಂದ ಆಳಿದಿರಿ ಎಂಬುದು ಆರೋಪಪಟ್ಟಿಯ ಸಾರಾಂಶ. ಮುಂದೆ, ತಾನೇ ಬಂದು ಕಳೆದುಹೋದದ್ದನ್ನು ಹುಡುಕುವೆನೆಂದೂ ಮುರಿದದ್ದನ್ನು ಕಟ್ಟುವೆನೆಂದೂ ದೇವರು ಹೇಳುತ್ತಾನೆ. ಕಟ್ಟುವ ಕೈಯನ್ನೇ ಮುರಿಯುವ ಕೈಯಾಗಿ ಮಾಡಿದವರು ಇದನ್ನು ಓದಿಯೇ ಇಲ್ಲವೇ, ಅಥವಾ ಓದಿಯೂ ಮರೆಮಾಚಿದರೇ?

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯವೂ ನಿಮಗೆ ಗೊತ್ತು. ನೂರರಲ್ಲಿ ಒಂದು ಕುರಿ ತಪ್ಪಿಹೋಗುತ್ತದೆ. ಉಳಿದ 99ನ್ನು ಅಡವಿಯಲ್ಲಿ ಬಿಟ್ಟು ಕುರುಬನು ಹುಡುಕುತ್ತ ಹೊರಡುತ್ತಾನೆ. ಸಿಕ್ಕಿದಾಗ ಏನು ಮಾಡುತ್ತಾನೆ? ಹೊಡೆಯುತ್ತಾನೆಯೇ? ಸಂತೋಷದಿಂದ ಹೆಗಲ ಮೇಲೆ ಹೊತ್ತುಕೊಳ್ಳುತ್ತಾನೆ. ರೋಮಿನ ನೆಲದಡಿಯ ಸಮಾಧಿ ಸುರಂಗಗಳ ಗೋಡೆಗಳಲ್ಲಿ 3ನೆಯ ಶತಮಾನದ ಹೊತ್ತಿನ ಕ್ರೈಸ್ತರು ಬರೆದ ಚಿತ್ರ ಇದೇ: ಹೆಗಲ ಮೇಲೆ ಕುರಿಯನ್ನು ಹೊತ್ತ ಯುವಕ. ಶಿಲುಬೆಯ ಮೇಲಿನ ಯೇಸುವಿನ ಚಿತ್ರ ಬಳಕೆಗೆ ಬರುವುದಕ್ಕೂ ಬಹಳ ಮೊದಲು, ತಮ್ಮ ಸತ್ತವರನ್ನು ಮಲಗಿಸಿದ ಕತ್ತಲ ಕೋಣೆಯಲ್ಲಿ ಅವರಿಗೆ ಬೇಕೆನಿಸಿದ್ದು ಈ ಚಿತ್ರ. ಸಾವಿನ ಮನೆಯಲ್ಲಿ ಏನು ಹೇಳಬೇಕೆಂಬುದು ಅವರಿಗೆ ತಿಳಿದಿತ್ತು.

ಪುಸ್ತಕದ ಮಾತಷ್ಟೇ ಸಾಲದೆಂದು ಬಲ್ಲವರನ್ನೂ ಕೇಳಿದೆ. ಸುಗ್ಗಿ ಮುಗಿದ ಮೇಲೆ ನಮ್ಮ ಎರೆಭೂಮಿಗೆ ಕುರುಬರ ಹಿಂಡುಗಳು ಬರುವುದನ್ನು ನೀವೂ ಕಂಡಿದ್ದೀರಿ. ಗೊಬ್ಬರಕ್ಕಾಗಿ ರೈತರು ಹೊಲದಲ್ಲಿ ಕುರಿ ತರುಬಿಸಿ, ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುತ್ತಾರೆ. ಈ ಸಲ ಬಂದಿದ್ದ ಒಬ್ಬ ಹಿರಿಯರಿಗೆ ಆ ಕತೆಯನ್ನು ಹೇಳಿ, ಹೀಗೂ ಉಂಟೇ ಎಂದು ವಿಚಾರಿಸಿದೆ. ಅವರು ಕಂಬಳಿಯನ್ನು ಸರಿಪಡಿಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸರ, ನೀವು ಸಾಲಿ ಕಲಿಸಿದವ್ರು, ಹಿಂಗ ಕೇಳಬಹುದೇನ್ರಿ? ಕಾಲ ಮುರದ ಮರಿ ಹೊತಗೊಂಡು ದಿನಾ ಎಷ್ಟ ದೂರ ನಡೀಬೇಕ್ರಿ? ತಾನಾಗೇ ಮುರದ್ರ ಕಡ್ಡಿ ಇಟ್ಟು ಕಟ್ಟತೀವಿ. ಬೇಕಂತ ಮುರಿಯಾಂವ ಕುರುಬ ಅಲ್ಲ ಬಿಡ್ರಿ." ಅಷ್ಟು ಹೇಳಿ, ಅಂದು ಬೆಳಿಗ್ಗೆ ಹುಟ್ಟಿದ್ದ ಮರಿಯೊಂದನ್ನು ಅದರ ತಾಯಿಯ ಬಳಿ ಬಿಡಲು ಎದ್ದು ಹೋದರು. ನಮ್ಮ ಮನೆಗಳಲ್ಲಿ ಓದುವ ಕನ್ನಡ ಬೈಬಲು ದೇವರಿಗೆ ಬಳಸಿದ ಪದವೂ ಕುರುಬ ಎಂಬುದೇ. 1831ರಲ್ಲಿ ಕನ್ನಡ ಬೈಬಲು ಪೂರ್ಣವಾಗಿ ಅಚ್ಚಾದದ್ದು ಬಳ್ಳಾರಿಯಲ್ಲಿ, ಕುರುಬರ ಸೀಮೆಯ ನಡುವೆಯೇ. ಆ ಪದದ ಹಿಂದೆ ಇಂಥ ಹಿರಿಯರ ಬದುಕಿದೆ ಎಂಬುದನ್ನು ಪ್ರಸಂಗಿಗಳು ನೆನಪಿಡಬೇಕು.

ಇನ್ನು ಕೀರ್ತನೆಗೆ ಬರೋಣ. ವ್ಯಾಕರಣ ಕಲಿಸಿದವನ ಚಾಳಿ, ಕ್ಷಮಿಸಿ. ಆ ಆರು ವಚನಗಳಲ್ಲಿ ಒಂದಾದರೂ ವಿಧ್ಯರ್ಥಕ ಕ್ರಿಯಾಪದವಿದೆಯೇ, ಹುಡುಕಿ. 'ಮಾಡು', 'ನಂಬು', 'ಅಳಬೇಡ' ಎಂಬಂಥ ಒಂದೇ ಒಂದು ಆಜ್ಞೆ ಕುರಿಗೆ ಇಲ್ಲ. ಮಲಗಿಸುವವನು, ನಡಿಸುವವನು, ಚೈತನ್ಯ ಕೊಡುವವನು, ಊಟ ಬಡಿಸುವವನು ಎಲ್ಲವೂ ಅವನೇ. ಸಮಾಧಾನವು ಕುರುಬನ ಕೆಲಸ. ನಾವೋ 'ಸಮಾಧಾನ ಮಾಡಿಕೊಳ್ಳಿ' ಎನ್ನುತ್ತೇವೆ. ಆ 'ಕೊಳ್ಳಿ' ಎಂಬ ಸಹಾಯಕ ಕ್ರಿಯಾಪದದಲ್ಲಿ ಇಡೀ ಭಾರವನ್ನು ಅಳುವವರ ತಲೆಯ ಮೇಲೆ ಹೊರಿಸಿ, ಚಹಾ ಕುಡಿದು ಎದ್ದು ಬರುತ್ತೇವೆ!

ಮತ್ತೊಂದನ್ನು ಗಮನಿಸಿ. ಮೊದಲ ಮೂರು ವಚನಗಳಲ್ಲಿ ದೇವರು 'ಆತನು', ಅನ್ಯಪುರುಷ. ನಾಲ್ಕನೆಯದರಲ್ಲಿ ಕತ್ತಲ ಕಣಿವೆ ಬರುತ್ತದೆ. ಅಲ್ಲಿ ತಟ್ಟನೆ 'ಆತನು' ಹೋಗಿ 'ನೀನು' ಎಂದಾಗುತ್ತದೆ. ಹಸಿರಿನಲ್ಲಿ ಆತನ ವಿಷಯ ಮಾತನಾಡುತ್ತಿದ್ದವನು ಕತ್ತಲೆಯಲ್ಲಿ ಆತನೊಡನೆಯೇ ಮಾತನಾಡುತ್ತಾನೆ. ಆ ಹಸಿರು ಕೂಡ ಕ್ಯಾಲೆಂಡರುಗಳಲ್ಲಿ ಅಚ್ಚು ಹಾಕುವ ಯುರೋಪಿನ ಹುಲ್ಲುಗಾವಲಲ್ಲ. ಬೆತ್ಲೆಹೇಮಿನಿಂದ ಮೂಡಣಕ್ಕೆ ನೆಲವು ಮೃತ ಸಮುದ್ರದತ್ತ ಇಳಿಯುತ್ತ ಬೆಂಗಾಡಾಗುತ್ತದೆ. ಚಳಿಗಾಲದ ಮಳೆಯ ಬಳಿಕ ಕೆಲವೇ ವಾರ ಹಸಿರು, ಮತ್ತೆ ಕಲ್ಲು, ಧೂಳು, ಕಡಿದಾದ ಕೊರಕಲುಗಳು. ಒಂದು ಮೇವಿನಿಂದ ಇನ್ನೊಂದು ಮೇವಿಗೆ ಹೋಗಬೇಕಾದರೆ ಅಂಥ ಕೊರಕಲನ್ನು ದಾಟದೆ ಗತಿಯಿಲ್ಲ. ಆದ್ದರಿಂದ ಕಣಿವೆಯು ಶಿಕ್ಷೆಯಲ್ಲ. ಮೂರನೆಯ ವಚನದಲ್ಲಿ ಕುರುಬನು ಸರಿಯಾದ ದಾರಿಯಲ್ಲಿಯೇ ನಡಿಸುತ್ತಿದ್ದಾನೆ, ನಾಲ್ಕನೆಯದರಲ್ಲಿ ಕಣಿವೆ ಎದುರಾಗುತ್ತದೆ. ಆ ಕುರಿ ದಾರಿ ತಪ್ಪಿರಲಿಲ್ಲ. ಅವಳೂ ತಪ್ಪಿರಲಿಲ್ಲ. ಅಲ್ಲಿ ಬರುವ ದೊಣ್ಣೆಯೂ ಕಾಡುಮೃಗವನ್ನು ಓಡಿಸುವುದಕ್ಕೆ, ಕುರಿಯ ಕಾಲು ಮುರಿಯುವುದಕ್ಕಲ್ಲ.

ಆ ಹುಡುಗ ಏಕೆ ಸತ್ತ? ಈ ಕೀರ್ತನೆ ಅದಕ್ಕೆ ಉತ್ತರ ಕೊಡುವುದಿಲ್ಲ. ಉತ್ತರ ತನ್ನಲ್ಲಿದೆ ಎಂದವರನ್ನು ನಾನು ನಂಬುವುದಿಲ್ಲ.

ವಿಜ್ಞಾನ ಕಲಿಸುತ್ತಿದ್ದ ನನ್ನ ಸಹೋದ್ಯೋಗಿ ಮಿತ್ರರು ಇದನ್ನು ಓದಿ ನಗುವರೆಂದು ಬಲ್ಲೆ. "ಕುರಿಗಳನ್ನು ಕುರಿತ ನಿಸಾರ್ ಅಹಮದರ ಕವಿತೆಯನ್ನು ಮಕ್ಕಳಿಗೆ ಓದಿಸಿದ ನೀವು, ನಿಮ್ಮನ್ನೇ ಕುರಿ ಎಂದುಕೊಳ್ಳುವಿರಾ?" ಎಂದು ಹಿಂದೆಯೇ ಕೆಣಕಿದ್ದರು. ಆಕ್ಷೇಪ ಸಣ್ಣದಲ್ಲ. ಪಾಸ್ಟರ್ ಎಂಬ ಲ್ಯಾಟಿನ್ ಪದಕ್ಕೂ ಕುರಿ ಕಾಯುವವನೆಂದೇ ಅರ್ಥ. ಆ ಹೆಸರನ್ನು ಧರಿಸಿ ಜನರನ್ನು ಬಾಯಿ ಮುಚ್ಚಿ ನಡೆಯುವ ಹಿಂಡಾಗಿ ಮಾಡಿದವರು ಚರಿತ್ರೆಯಲ್ಲಿ ಬೇಕಾದಷ್ಟಿದ್ದಾರೆ. ಆದರೆ ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಒಳ್ಳೆಯ ಕುರುಬನ ಗುರುತು ಕುರಿಗಳ ವಿಧೇಯತೆಯಲ್ಲ, ಅವುಗಳಿಗಾಗಿ ತನ್ನ ಪ್ರಾಣವನ್ನೇ ಕೊಡುವುದು. ತೋಳ ಬಂದಾಗ ಓಡುವವನು ಕೂಲಿಯಾಳು. ಅದೇ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸುವನ್ನು ಕರೆದದ್ದು ಕುರಿಮರಿ ಎಂದು. ತಾನೇ ಕುರಿಯಾದ ಕುರುಬನ ಎದುರು ನನ್ನನ್ನು ಕುರಿ ಎಂದುಕೊಳ್ಳಲು ನನಗೆ ನಾಚಿಕೆಯಿಲ್ಲ. ಉಳಿದ ಯಾವ ಮನುಷ್ಯನ ಎದುರೂ ನಾನು ಕುರಿಯಲ್ಲ, ನೀವೂ ಆಗಬೇಡಿ.

ಮೊನ್ನೆ ವರ್ಷದ ಸ್ಮರಣೆಯ ಕೂಟದಲ್ಲಿ ಕೀರ್ತನೆಯನ್ನು ಓದುವ ಸರದಿ ನನ್ನದಾಗಿತ್ತು. ನಾಲ್ಕನೆಯ ವಚನದಲ್ಲಿ ನಿಂತು, 'ನೀನು' ಎಂಬುದರ ಬಗ್ಗೆ ಎರಡು ಮಾತು ಹೇಳಿದೆ. ಎಲ್ಲರೂ ಹೋದ ಮೇಲೆ ಅವಳು ಹಿತ್ತಲಲ್ಲಿ ಲೋಟಗಳನ್ನು ತೊಳೆಯುತ್ತಿದ್ದಳು. ನಾನು ಕೈಕಾಲು ತೊಳೆಯಲು ಹೋದಾಗ ತಲೆ ಎತ್ತದೆಯೇ ಕೇಳಿದಳು:

"ಮಾಮಾ, ಆ ಕಾಲು ಮುರಿಯೂ ಮಾತು ಸುಳ್ಳು ಹೌದಲ್ರಿ?"

"ಸುಳ್ಳವ್ವಾ. ಹಸಿ ಸುಳ್ಳು."

"ಇನ್ನೊಮ್ಮೆ ಹೇಳ್ರಿ."

ಹೇಳಿದೆ. ಅವಳು ಮತ್ತೊಂದು ಲೋಟವನ್ನು ಕೈಗೆತ್ತಿಕೊಂಡಳು.