ಯಾರಿಂದ ಬಂತು?

ಪಿಯುಸಿಯಲ್ಲಿ ನನ್ನ ಹತ್ತಿರ ಜೀವಶಾಸ್ತ್ರ ಓದಿದ ಹುಡುಗ, ಈಗ ಬೆಂಗಳೂರಲ್ಲಿ ಕೆಲಸ. ಮೊನ್ನೆ ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತಾಗ ದನಿ ತಗ್ಗಿಸಿದ. "ಮೇಡಂ, ಅವಳಿಗೆ ಹರ್ಪಿಸ್ ಅಂತೆ. ಮರ್ಮಾಂಗದಲ್ಲಿ." ಎರಡು ವರ್ಷದ ಒಡನಾಟ, ಮದುವೆಯ ಮಾತೂ ನಡೆದಿದೆ. "ನನಗಂತೂ ಏನೂ ಆಗಿಲ್ಲ. ಮತ್ತೆ ಅವಳಿಗೆ ಯಾರಿಂದ ಬಂತು?"

ಮನೆಯಲ್ಲಿ ಬಾಯಿ ಬಿಡುವಂತಿಲ್ಲ, ಗೆಳೆಯರಿಗೆ ಹೇಳಿದರೆ ಊರೆಲ್ಲ ಸುದ್ದಿ. ಲೈಂಗಿಕ ಆರೋಗ್ಯದ ಪಾಠವನ್ನು ಹಾರಿಸದೆ ಮಾಡಿದವಳು ಎಂಬ ಸಲುಗೆಯಿಂದ ನನ್ನ ಹತ್ತಿರ ಬಂದಿದ್ದ. ಪೂರ್ತಿ ವಾಸಿಯಾಗದ ಲೈಂಗಿಕ ರೋಗಗಳ ಸಾಲಿನಲ್ಲಿ ಈ ಹೆಸರು ದ್ವಿತೀಯ ಪಿಯುಸಿ ಪುಸ್ತಕದಲ್ಲೇ ಇದೆ. ಎರಡು ಅಂಕಕ್ಕೆ ಬಾಯಿಪಾಠ ಮಾಡಿದ್ದು ಈಗ ಎದುರಿಗೆ ಬಂದು ನಿಂತಿದೆ.

'ಯಾರಿಂದ' ಎಂದು ಕೇಳುವುದು ಸುಲಭ, ಉತ್ತರಿಸುವುದು ವೈದ್ಯರಿಗೂ ಕಷ್ಟ. ಒಳಹೊಕ್ಕ ಈ ವೈರಸ್ಸು ನರದ ಬುಡದಲ್ಲಿ ಅಡಗಿ ಕೂರುತ್ತದೆ. ಮೊದಲ ಗುಳ್ಳೆ ಕೆಲವೇ ದಿನಗಳಲ್ಲಿ ಏಳಬಹುದು, ವರ್ಷಗಳ ನಂತರವೂ ಏಳಬಹುದು, ಏಳದೆಯೂ ಇರಬಹುದು. ಇಂದು ಕಂಡದ್ದು ನಿನ್ನೆ ಬಂದದ್ದೇ ಆಗಬೇಕಿಲ್ಲ. ಹುಣ್ಣಿನ ಸ್ವಾಬ್ ಪರೀಕ್ಷೆ ವೈರಸ್ಸಿನ ವಿಧವನ್ನು ಹೇಳುತ್ತದೆ, ಅದು ಬಂದ ದಾರಿಯನ್ನು ಹೇಳುವುದಿಲ್ಲ.

ವಿಧಗಳು ಎರಡು. ಎರಡನೆಯದು ಸಾಮಾನ್ಯವಾಗಿ ಸೊಂಟದ ಕೆಳಗಿನದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 15ರಿಂದ 49 ವಯಸ್ಸಿನ ಸುಮಾರು 50 ಕೋಟಿ ಜನರಲ್ಲಿ ಅದಿದೆ, ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. ಗುಳ್ಳೆ ಇಲ್ಲದಿದ್ದಾಗಲೂ ಅದು ದಾಟಬಲ್ಲದು. ಹಾಗಾಗಿ ಪರೀಕ್ಷೆ ಮಾಡಿಸಿ, ನಡುಗುತ್ತಲೇ "ನನಗೆ ಹೀಗಾಗಿದೆ" ಎಂದವಳಿಗಿಂತ, ಏನೂ ಗೊತ್ತಿಲ್ಲದೆ ನಗುತ್ತಿರುವವರ ಬಗ್ಗೆಯೇ ಹೆಚ್ಚು ಎಚ್ಚರ ಬೇಕು.

ಗೊತ್ತಾದ ಮೇಲೆ ಮಾಡುವುದಕ್ಕೆ ಬೇಕಾದಷ್ಟಿದೆ. ಗುಳ್ಳೆ ಇದ್ದಾಗ, ಏಳುವ ಮುನ್ನ ಜುಮುಜುಮು ಎಂದಾಗಲೂ ದೂರ ಇರುವುದು. ಮಿಕ್ಕಂತೆ ಕಾಂಡೋಮ್. ವೈದ್ಯರು ಹೇಳಿದರೆ ದಿನಾ ಒಂದು ಮಾತ್ರೆ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ವ್ಯಾಲಸೈಕ್ಲೋವಿರ್ ನುಂಗಿದಾಗ ಹರಡುವಿಕೆ ಸುಮಾರು ಅರ್ಧಕ್ಕೆ ಇಳಿದಿತ್ತು. ಮುಂದೆ ಬಸಿರಾದಾಗ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕಿನಲ್ಲಿ ಸಲಹೆ, ಔಷಧ ಎರಡೂ ಉಚಿತ. ಆದರೆ ನಮ್ಮ ಕಣ್ಣಿಗೆ ಬೀಳುವುದು ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿನ 'ಗುಪ್ತರೋಗ' ಎಂಬ ಅಕ್ಷರ, ಅದರ ಕೆಳಗೊಂದು ಲಾಡ್ಜಿನ ರೂಮ್ ನಂಬರು. ಕಾಯಿಲೆಗೆ ಹೆಸರಿಡುವಾಗಲೇ ನಾವು ಅದನ್ನು ಬಚ್ಚಿಟ್ಟುಬಿಟ್ಟಿದ್ದೇವೆ.

ಇಷ್ಟು ಹೇಳುವಾಗ ನನ್ನ ಕಣ್ಣು ಅವನ ತುಟಿಯ ಅಂಚಿಗೆ ಹೋಯಿತು. ಒಣಗುತ್ತಿರುವ ಸಣ್ಣ ಹಕ್ಕಳೆ. ನೆನಪಾಯಿತು, ಪರೀಕ್ಷೆ ಬಂದಾಗಲೆಲ್ಲ ಇವನ ತುಟಿಯ ಮೇಲೆ ಗುಳ್ಳೆ ಏಳುತ್ತಿತ್ತು. ಹುಡುಗರು "ಜೇಡ ಉಚ್ಚೆ ಹೊಯ್ದಿದೆ" ಎಂದು ರೇಗಿಸುತ್ತಿದ್ದರು, ಇವನೂ ನಗುತ್ತಿದ್ದ.

"ಇದೇನೋ?" ಅಂದೆ.

"ಜ್ವರದ ಗುಳ್ಳೆ ಮೇಡಂ. ಚಿಕ್ಕಂದಿನಿಂದ ಹೀಗೇ."

"ತುಟಿಯ ಮೇಲೆ ಹೀಗೆ ಮತ್ತೆ ಮತ್ತೆ ಏಳುವುದು ಸಾಮಾನ್ಯವಾಗಿ ಹರ್ಪಿಸ್ಸೇ. ಮೊದಲನೆಯ ವಿಧ. ಬಾಯಿಂದ ಕೆಳಕ್ಕೂ ದಾಟುತ್ತದೆ. ಅವಳದು ಯಾವ ವಿಧವಂತೆ?"

ಅವನ ಬೆರಳು ತುಟಿಗೆ ಹೋಗಿ ಅಲ್ಲೇ ನಿಂತಿತು. ಅವನು ಅದನ್ನು ಕೇಳಿರಲೇ ಇಲ್ಲ. ಅವಳು ಹೇಳಿ ಮೂರು ದಿನವಾಗಿತ್ತು, ಇವನು ಒಂದು ಮೆಸೇಜಿಗೂ ಉತ್ತರ ಕೊಟ್ಟಿರಲಿಲ್ಲ. ಒಂದೇ ಮನೆತನದ ವೈರಸ್ಸು. ತುಟಿಯ ಮೇಲೆ ಎದ್ದರೆ ತಮಾಷೆ, ಸೊಂಟದ ಕೆಳಗೆ ಎದ್ದರೆ ಶೀಲದ ವಿಚಾರಣೆ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದ, "ಈಗ ಅವಳಿಗೆ ಏನಂತ ಹೇಳಲಿ ಮೇಡಂ?"

"ಮೊದಲು ನಿನ್ನ ತುಟಿಯ ಗುಳ್ಳೆಯ ವಿಷಯ ಹೇಳು."