ಪೋಸ್ಟ್ ಸಾಕು, ಅರ್ಜಿ ಬರೆಯೋಣ

2025ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ಮಲಯಾಳಂ ಭಾಷಾ ಮಸೂದೆ ಪಾಸ್ ಮಾಡಿತು. ಕರ್ನಾಟಕದ ಮುಖ್ಯಮಂತ್ರಿ ಆಕ್ಷೇಪಿಸಿ ಪತ್ರ ಬರೆದರು. ಅಲ್ಪಸಂಖ್ಯಾತರಿಗೆ ಮಸೂದೆಯಲ್ಲೇ ರಕ್ಷಣೆ ಇದೆ ಎಂದು ಕೇರಳದ ಮುಖ್ಯಮಂತ್ರಿ ಉತ್ತರಿಸಿದರು. ನಾವೆಂತ ಮಾಡಿದೆವು? ಸ್ಟೇಟಸ್ ಹಾಕಿದೆವು, ಡಿಪಿ ಬದಲಿಸಿದೆವು, ಒಂದು ವಾರ ಬೈದು ಸುಮ್ಮನಾದೆವು. ಅಷ್ಟು ದಿನದಲ್ಲಿ ನಮ್ಮಲ್ಲಿ ಎಷ್ಟು ಮಂದಿ ಕನ್ನಡದಲ್ಲಿ ಒಂದು ಅರ್ಜಿ ಬರೆದು ಕಚೇರಿಗೆ ಕೊಟ್ಟರು? ಗೆಳೆಯರೇ, ಈ ಬೈಗುಳ ಮೊದಲು ನಮಗೇ.

ನಮ್ಮ ಕೈ ಖಾಲಿ ಇಲ್ಲ. 1956ರಲ್ಲಿ ಗಡಿ ಎಳೆದು ನಮ್ಮನ್ನು ಆಚೆಗೆ ಹಾಕಿದ ವರ್ಷವೇ, ಏಳನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಎರಡು ವಿಧಿಗಳು ಸೇರಿದವು. 350ಎ: ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಲಭ್ಯ ಕೊಡಲು ಸರಕಾರ ಯತ್ನಿಸಬೇಕು. 350ಬಿ: ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿ ಇರಬೇಕು, ಅವರ ವರದಿ ರಾಷ್ಟ್ರಪತಿಗೆ ಹೋಗಬೇಕು. ಕೇರಳದ್ದೇ 1969ರ ಅಧಿಕೃತ ಭಾಷಾ ಕಾಯ್ದೆ ಇನ್ನೂ ಸ್ಪಷ್ಟ. ಕನ್ನಡಿಗರು ಸೆಕ್ರೆಟೇರಿಯಟ್ಟಿಗೂ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳಿಗೂ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆದರೆ ಕೌಂಟರಿನಲ್ಲಿ "ಮಲಯಾಳಂ ಫಾರಂ ಮಾತ್ರ ಇರುವುದು" ಅಂದ ಕೂಡಲೇ ನಾವು ತಲೆ ಆಡಿಸಿ, ಪಕ್ಕದವರ ಹತ್ತಿರ ಬರೆಸಿಕೊಂಡು ಬರುತ್ತೇವೆ. ಬಳಸದ ಹಕ್ಕು ಉಪ್ಪಿನಕಾಯಿ ಭರಣಿಯಲ್ಲ ಮಾರಾಯ್ರೆ, ಮುಚ್ಚಿಟ್ಟರೆ ಹಾಳಾಗುತ್ತದೆ.

ಈಗ ಕೋರ್ಟಿನ ಮಾತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಪಾತೂರು ಪುರಸಭೆಯ ಬೋರ್ಡಿನ ಕೇಸಿನಲ್ಲಿ ತೀರ್ಪು ಕೊಟ್ಟಿತು. ಮರಾಠಿಯ ಜೊತೆಗೆ ಉರ್ದುವಿನಲ್ಲೂ ಹೆಸರು ಬರೆದದ್ದು ಸರಿಯಲ್ಲ ಎಂಬುದು ದೂರು. ಅದು ನಿಲ್ಲಲಿಲ್ಲ. ರಾಜ್ಯಭಾಷೆಯ ಜೊತೆ ಊರಿನ ಇನ್ನೊಂದು ಭಾಷೆ ಬೋರ್ಡಿನಲ್ಲಿ ಇದ್ದರೆ ತಪ್ಪಿಲ್ಲ, ಭಾಷೆ ಇರುವುದೇ ಜನರನ್ನು ಮುಟ್ಟಲಿಕ್ಕೆ ಎಂಬುದು ತೀರ್ಪಿನ ಸಾರ. ನಮ್ಮ ಪಂಚಾಯತಿನ ಬೋರ್ಡಿನಲ್ಲಿ ಕನ್ನಡ ಕೇಳುವಾಗ ಈ ತೀರ್ಪನ್ನು ಮುಂದಿಡಬಹುದು.

2014ರ ಮೇ 6ರ ತೀರ್ಪು ನಿಮಗೆ ನೆನಪಿರಬಹುದು. ಕಲಿಕಾ ಮಾಧ್ಯಮದ ಕೇಸಿನಲ್ಲಿ ಕರ್ನಾಟಕ ಸರಕಾರ ಸೋತಿತು. ಬೆಂಗಳೂರು ಅದನ್ನು ಕನ್ನಡದ ಸೋಲು ಎಂದಿತು. ಗಡಿಯ ಈ ಕಡೆಯಿಂದ ಓದಿ ನೋಡಿ. ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ಹೆತ್ತವರು, ಪ್ರಾಥಮಿಕ ಶಾಲೆಯ ಮಾಧ್ಯಮವನ್ನು ಸರಕಾರ ಹೇರುವ ಹಾಗಿಲ್ಲ ಎಂದಿತು ಐವರು ನ್ಯಾಯಮೂರ್ತಿಗಳ ಪೀಠ. ಅಲ್ಲಿ ಸೋಲಾದದ್ದು ಇಲ್ಲಿ ನಮಗೆ ಗುರಾಣಿ.

ಆದರೆ ಕಹಿ ಸತ್ಯವನ್ನೂ ಹೇಳಬೇಕು. "ನಮಗೆ ಮಲಯಾಳಂ ಕಲಿಯಲಿಕ್ಕೇ ಇಲ್ಲ" ಎಂಬ ವಾದ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಮಹಾರಾಷ್ಟ್ರದ ಗುಜರಾತಿ ಶಾಲೆಗಳು ಮರಾಠಿ ಕಡ್ಡಾಯದ ವಿರುದ್ಧ ಹೋದಾಗ, 2004ರ ಉಷಾ ಮೆಹ್ತಾ ಕೇಸಿನಲ್ಲಿ ಸುಪ್ರೀಂ ಕೋರ್ಟು ರಾಜ್ಯದ ಪರ ನಿಂತಿತು. ಕರ್ನಾಟಕವೂ 2015ರ ಕಾಯ್ದೆಯಲ್ಲಿ ಕನ್ನಡವನ್ನು ಕಡ್ಡಾಯ ಮಾಡಿದೆ. ಅಲ್ಲಿ ಚಪ್ಪಾಳೆ ತಟ್ಟಿ ಇಲ್ಲಿ ಕೂಗಿದರೆ ಎದುರಿನ ವಕೀಲರು ಅದನ್ನೇ ಎತ್ತಿ ತೋರಿಸುತ್ತಾರೆ. ನಮ್ಮ ವಾದ ಹೀಗಿರಲಿ: ಮಲಯಾಳಂ ಕಲಿಯುತ್ತೇವೆ, ಆದರೆ ಕನ್ನಡದ ಜಾಗ ಕೊಟ್ಟು ಅಲ್ಲ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡವೇ ಬಾರದ ಮೇಷ್ಟ್ರನ್ನು ಕಳಿಸಿದರೆ, ಅದು ಭಾಷಾ ನೀತಿಯಲ್ಲ, ಮಕ್ಕಳ ಓದನ್ನು ಕದಿಯುವುದು. ಗಣಿತ ಅರ್ಥವಾಗದೆ ಕೂತ ಏಳನೇ ಕ್ಲಾಸಿನ ಹುಡುಗಿಗೆ ಮಹಾಜನ ವರದಿ ಜಾರಿಯಾಗುವವರೆಗೆ ಕಾಯಲಿಕ್ಕೆ ಆಗುವುದಿಲ್ಲ.

ಹೌದು, 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿದೆ. ಅದನ್ನು ಮರೆಯಬೇಡಿ. ಆದರೆ ಗಡಿ ಬದಲಿಸುವ ಅಧಿಕಾರ ಮೂರನೇ ವಿಧಿಯಲ್ಲಿ ಸಂಸತ್ತಿಗೆ ಇದೆ. ಬೆಳಗಾವಿಗಾಗಿ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಎರಡು ದಶಕ ಕಳೆದರೂ ಗಡಿ ಒಂದಿಂಚು ಸರಿದಿಲ್ಲ. ಗಡಿ ಕಾಯಬಹುದು, ಕ್ಲಾಸು ಕಾಯುವುದಿಲ್ಲ.

ದೊಡ್ಡ ದೊಡ್ಡ ಲಾ ಕಂಪೆನಿಗಳು ತಾವು ಗೆದ್ದ ಕೇಸುಗಳ ಪಟ್ಟಿ ಹಾಕಿಕೊಳ್ಳುತ್ತವೆ. ನಮ್ಮ ಪಟ್ಟಿ ಎಲ್ಲಿದೆ? ಎಲ್ಲರೂ ಇಂಜಿನಿಯರಿಂಗ್, ನರ್ಸಿಂಗ್, ಗಲ್ಫ್ ಅಂತ ಹೋದರೆ ಎರ್ನಾಕುಳದ ಹೈಕೋರ್ಟಿನಲ್ಲಿ ಕನ್ನಡ ಶಾಲೆಯ ಪರ ನಿಲ್ಲುವವರು ಯಾರು? ಪ್ರತಿ ಪಂಚಾಯತಿನಿಂದ ಒಬ್ಬರಾದರೂ ಕಾನೂನು ಓದಿ. ಮಲಯಾಳಂ ಚೆನ್ನಾಗಿ ಕಲಿತೇ ಓದಿ, ಅವರ ಆದೇಶ ಓದಿಯೇ ಅವರಿಗೆ ಉತ್ತರ ಕೊಡಬೇಕು.

ಅಲ್ಲಿಯವರೆಗೆ ಇಷ್ಟು ಮಾಡಿ. ಅರ್ಜಿ ಕನ್ನಡದಲ್ಲಿ ಬರೆದು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಕಾರಣವನ್ನು ಬರೆದು ಕೊಡಿ ಎಂದು ಕೇಳಿ. ನಿಮ್ಮ ಶಾಲೆಯಲ್ಲಿ ಕನ್ನಡ ಬಲ್ಲ ಅಧ್ಯಾಪಕರ ಹುದ್ದೆ ಎಷ್ಟು, ಖಾಲಿ ಎಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ವಕೀಲರಿಗೆ ಕೊಡಲು ಹಣವಿಲ್ಲವೇ? 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಪಾಠ ಕಳಕೊಂಡದ್ದು ಮಕ್ಕಳೇ ಅಲ್ಲವಾ?

ಈ ಪೋಸ್ಟಿಗೆ ಲೈಕ್ ಬೇಡ. ಸೀಲು ಬಿದ್ದ ಅರ್ಜಿಯ ಫೋಟೋ ಕಮೆಂಟಿನಲ್ಲಿ ಹಾಕಿ, ಫೋನ್ ನಂಬರು ಮುಚ್ಚಿ. ಮೊದಲನೆಯದನ್ನು ನಾವೇ ಹಾಕುತ್ತೇವೆ.