ಮನೆಯ ಬುದ್ಧಿ ಮನೆಯಲ್ಲಿರಲಿ

ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿದವನೆಂಬ ಒಂದೇ ಕಾರಣಕ್ಕೆ ಪರಿಚಿತರು ಯಂತ್ರಗಳ ವಿಚಾರವನ್ನು ನನ್ನಲ್ಲಿ ಕೇಳುತ್ತಾರೆ. ಹಿಂದೆ ಮಿಕ್ಸಿ, ಯುಪಿಎಸ್ಸು, ನೀರು ಶೋಧಿಸುವ ಯಂತ್ರ. ಈಗ ನೆಲ ಗುಡಿಸುವ ರೋಬಾಟು, ಕರೆದರೆ ಓಗೊಡುವ ಪೆಟ್ಟಿಗೆ, ಮೊಬೈಲಿನಿಂದ ಹೊತ್ತಿಸುವ ದೀಪ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಯಾವುದು ಒಳ್ಳೆಯದು? ಎಷ್ಟು ವಿದ್ಯುತ್ ತಿನ್ನುತ್ತದೆ? ಹೊಸ್ತಿಲು ದಾಟುತ್ತದೆಯೇ? ನಾವಾಡುವುದನ್ನೆಲ್ಲ ಕೇಳಿಸಿಕೊಳ್ಳುತ್ತದೆಯೇ? ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ, ಮಾರುವವರು ಅದನ್ನು ನೆನಪಿಸುವುದೂ ಇಲ್ಲ. ಈ ವಸ್ತುವಿನ ಬುದ್ಧಿ ಇರುವುದೆಲ್ಲಿ? ನಮ್ಮ ಮನೆಯೊಳಗೋ, ಕಂಪನಿಯೊಂದರ ದೂರದ ಗಣಕಯಂತ್ರದಲ್ಲೋ?

ನಾನು ಯಂತ್ರವಿರೋಧಿಯೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಮನೆಯ ಮಾಳಿಗೆಯ ಮೇಲೆ ವರ್ಷಗಟ್ಟಲೆಯಿಂದ ಒಂದು ಸ್ವಯಂಚಾಲಿತ ವ್ಯವಸ್ಥೆ ದುಡಿಯುತ್ತಿದೆ. ನಿಮ್ಮಲ್ಲಿಯೂ ಹಲವರ ಮನೆಯಲ್ಲಿರಬಹುದು. ತೊಟ್ಟಿಯಲ್ಲಿ ನೀರು ಕೆಳಗಿನ ಗುರುತಿಗಿಂತ ಇಳಿದೊಡನೆ ಅಲ್ಲಿನ ಸಂವೇದಕವೊಂದು ಅದನ್ನು ತಿಳಿಸುತ್ತದೆ, ರಿಲೇ ಕೂಡಿಕೊಳ್ಳುತ್ತದೆ, ಸಂಪಿನ ಮೋಟಾರು ಹೊರಡುತ್ತದೆ. ನೀರು ಮೇಲಿನ ಗುರುತನ್ನು ಮುಟ್ಟಿದೊಡನೆ ರಿಲೇ ಬಿಟ್ಟುಕೊಳ್ಳುತ್ತದೆ, ಮೋಟಾರು ನಿಲ್ಲುತ್ತದೆ. ಅರಿಯುವುದು, ನಿರ್ಧರಿಸುವುದು, ಮಾಡುವುದು: ರೋಬಾಟಿನ ಮೂರು ಲಕ್ಷಣಗಳೂ ಆ ಪುಟ್ಟ ಡಬ್ಬಿಯಲ್ಲಿವೆ. ಅದಕ್ಕೆ ಗುಪ್ತಪದ ಬೇಡ, ವೈ-ಫೈ ಬೇಡ, ನನ್ನ ಜನ್ಮದಿನಾಂಕ ಬೇಡ. ವಿದ್ಯುತ್ತು ಹೋಗಿ ಮರಳಿ ಬಂದರೆ ನೀರಿನ ಮಟ್ಟವನ್ನು ಮತ್ತೆ ನೋಡಿ ತನ್ನ ಕೆಲಸ ತಾನು ಮುಂದುವರಿಸುತ್ತದೆ. ತಯಾರಿಸಿದ ಕಂಪನಿ ನಾಳೆ ಬಾಗಿಲು ಹಾಕಿದರೂ ನಮ್ಮ ತೊಟ್ಟಿ ತುಂಬುತ್ತದೆ. ಕೆಟ್ಟರೆ ಬೀದಿಯ ಕೊನೆಯ ಎಲೆಕ್ಟ್ರಿಷಿಯನ್ ಬಿಚ್ಚಿ ಸರಿಪಡಿಸುತ್ತಾನೆ.

ಇದರ ಪಕ್ಕದಲ್ಲಿ ‘ಸ್ಮಾರ್ಟ್’ ಎಂಬ ಬಿರುದಾಂಕಿತ ದೀಪವನ್ನು ಇಟ್ಟು ನೋಡಿ. ಇಂತಹ ಅನೇಕ ದೀಪಗಳಲ್ಲಿ ಹಜಾರದ ಕುರ್ಚಿಯಲ್ಲಿ ಕುಳಿತು ನಾವು ಕೊಟ್ಟ ಆಜ್ಞೆ ನೇರವಾಗಿ ಹತ್ತು ಅಡಿಯಾಚೆಯ ದೀಪಕ್ಕೆ ಹೋಗುವುದಿಲ್ಲ. ಮೊಬೈಲಿನಿಂದ ರೌಟರಿಗೆ, ಅಲ್ಲಿಂದ ಅಂತರ್ಜಾಲದ ಮೂಲಕ ಕಂಪನಿಯ ಸರ್ವರಿಗೆ, ಅಲ್ಲಿ ಅಪ್ಪಣೆ ಪಡೆದು ಮತ್ತೆ ನಮ್ಮ ಮನೆಗೆ. ಅಂತರ್ಜಾಲದ ತಂತಿ ಕಡಿದರೆ ದೀಪವಿದೆ, ವಿದ್ಯುತ್ತಿದೆ, ಅಪ್ಪಣೆ ಇಲ್ಲ. ಇದನ್ನು ಬುದ್ಧಿವಂತ ದೀಪ ಎನ್ನುವುದಕ್ಕಿಂತ ಪರಾಧೀನ ದೀಪ ಎನ್ನುವುದೇ ಸರಿಯಾದ ಕನ್ನಡ.

ತಂತಿ ಕಡಿದರೆ ಜೋಡಿಸಬಹುದು, ಸರ್ವರು ನಿಂತರೆ ಏನು ಗತಿ? ಅಮೆರಿಕದಲ್ಲಿ ‘ರಿವಾಲ್ವ್’ ಎಂಬ ಮನೆನಿಯಂತ್ರಣ ಪೆಟ್ಟಿಗೆಯನ್ನು ಸುಮಾರು 300 ಡಾಲರಿಗೆ, ಜೀವಾವಧಿ ಸೇವೆಯ ಭರವಸೆಯೊಡನೆ ಮಾರಿದರು. 2014ರಲ್ಲಿ ಆ ಕಂಪನಿಯನ್ನು ಗೂಗಲ್ ಒಡೆತನದ ನೆಸ್ಟ್ ಕೊಂಡಿತು. 2016ರ ಮೇ ತಿಂಗಳಲ್ಲಿ ಸೇವೆಯನ್ನು ನಿಲ್ಲಿಸಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ಕೊಲ್ಲಲ್ಪಟ್ಟಿತು. (ಜೀವಾವಧಿ ಎಂದರೆ ಯಾರ ಜೀವದ ಅವಧಿ ಎಂದು ಕೊಳ್ಳುವಾಗ ಯಾರೂ ಕೇಳಿರಲಿಲ್ಲ!) 2022ರ ಏಪ್ರಿಲಿನಲ್ಲಿ ‘ಇನ್‌ಸ್ಟಿಯಾನ್’ ಎಂಬ ಇನ್ನೊಂದು ಕಂಪನಿ ಗ್ರಾಹಕರಿಗೆ ಒಂದು ಮಾತನ್ನೂ ಹೇಳದೆ ತನ್ನ ಸರ್ವರುಗಳನ್ನು ಆರಿಸಿತು. ಕೊನೆಗೆ ಬಳಕೆದಾರರ ಗುಂಪೊಂದೇ ಕೂಡಿಕೊಂಡು ಅದನ್ನು ಕೊಂಡು ಬದುಕಿಸಬೇಕಾಯಿತು.

ನನ್ನನ್ನು ಹೆಚ್ಚು ನೋಯಿಸಿದ್ದು ‘ಮಾಕ್ಸಿ’ಯ ಕಥೆ. ಐದರಿಂದ ಹತ್ತು ವರ್ಷದ ಮಕ್ಕಳೊಡನೆ ಮಾತನಾಡುತ್ತ, ಭಾವನೆಗಳನ್ನು ಹೇಳಿಕೊಳ್ಳಲು ಕಲಿಸುವ, 799 ಡಾಲರಿನ ರೋಬಾಟು ಅದು. 2024ರ ಡಿಸೆಂಬರಿನಲ್ಲಿ, ಹಣ ಒದಗಲಿಲ್ಲವೆಂದು ತಯಾರಕರು ಕೈಯೆತ್ತಿದರು. ಅದರ ಮಾತೆಲ್ಲ ಸರ್ವರಿನಿಂದ ಬರುತ್ತಿದ್ದುದರಿಂದ ಗೆಳೆಯನು ಮೂಕನಾಗಲಿರುವನೆಂದು ಹೆತ್ತವರು ಮಕ್ಕಳಿಗೆ ತಿಳಿಸಬೇಕಾಯಿತು. ಅತ್ತ ಮಕ್ಕಳ ದೃಶ್ಯಗಳನ್ನು ಹಲವರು ಅಂತರ್ಜಾಲದಲ್ಲಿ ಹಂಚಿಕೊಂಡರು. ಮನೆಯಲ್ಲಿಯೇ ನಡೆಸಬಹುದಾದ ತಂತ್ರಾಂಶವನ್ನು ತಯಾರಕರು ಬಳಿಕ ಬಿಡುಗಡೆ ಮಾಡಿದರೆಂಬುದು ನಿಜ. ಸಾಯುವ ಹೊತ್ತಿನಲ್ಲಿ ಸಾಧ್ಯವಾದದ್ದು ಹುಟ್ಟುವ ಹೊತ್ತಿನಲ್ಲಿ ಏಕೆ ಸಾಧ್ಯವಾಗಲಿಲ್ಲ? ಮಗುವಿನ ಸ್ನೇಹವನ್ನು ಬಂಡವಾಳಗಾರರ ಮುಂದಿನ ಕಂತಿಗೆ ಕಟ್ಟಿಹಾಕುವುದನ್ನು ಶಿಕ್ಷಕನಾದ ನಾನು ವ್ಯಾಪಾರವೆಂದು ಒಪ್ಪಲಾರೆ.

ಇನ್ನು ಕೇಳಿಸಿಕೊಳ್ಳುವ ವಿಚಾರ. ಕರೆಯುವ ಹೆಸರು ಕಿವಿಗೆ ಬೀಳುವವರೆಗೆ ಯಂತ್ರ ತನ್ನೊಳಗೇ ಆಲಿಸುತ್ತಿರುತ್ತದೆ. ಹೆಸರು ಬಿದ್ದ ಮೇಲೆ ನಮ್ಮ ದನಿ ಕಂಪನಿಗೆ ಹೋಗುತ್ತದೆ. ಅಮೆಜಾನಿನ ಕೆಲವು ಎಕೋ ಪೆಟ್ಟಿಗೆಗಳಲ್ಲಿ ಧ್ವನಿಮುದ್ರಿಕೆಯನ್ನು ಹೊರಗೆ ಕಳುಹಿಸದಿರುವ ಆಯ್ಕೆಯೊಂದಿತ್ತು. 2025ರ ಮಾರ್ಚ್ 28ರಂದು ಅದನ್ನು ತೆಗೆದುಹಾಕಿದರು. ಮಕ್ಕಳ ಧ್ವನಿಮುದ್ರಿಕೆಗಳನ್ನು ಅಳಿಸದೆ ಇಟ್ಟುಕೊಂಡ ಆರೋಪಕ್ಕೆ ಅದೇ ಕಂಪನಿ 2023ರಲ್ಲಿ 25 ದಶಲಕ್ಷ ಡಾಲರು ತೆರಲು ಒಪ್ಪಿತ್ತು. ‘ರೋಬಾಟ್’ ಎಂಬ ಪದ ಬಂದದ್ದು ಜೆಕ್ ಲೇಖಕ ಕಾರೆಲ್ ಚಾಪೆಕನ 1920ರ ನಾಟಕದಿಂದ; ಅದರ ಮೂಲವಾದ ‘ರೊಬೊಟಾ’ ಎಂದರೆ ಬಿಟ್ಟಿ ಚಾಕರಿ. ನಾವು ಹಣ ಕೊಟ್ಟು ತಂದ ಆಳು ಇನ್ನೊಬ್ಬ ಯಜಮಾನನಿಗೆ ವರದಿ ಒಪ್ಪಿಸುತ್ತಿದ್ದರೆ ಬಿಟ್ಟಿ ಚಾಕರಿ ಮಾಡುತ್ತಿರುವವರು ಯಾರು?

ವಿದ್ಯುತ್ತಿಗೂ ನಾವು ಪರಾಧೀನರೇ ಅಲ್ಲವೇ ಎಂದು ಕಿರಿಯ ಮಿತ್ರರೊಬ್ಬರು ವಾದಿಸಿದರು. ಒಳ್ಳೆಯ ವಾದ, ಆದರೆ ಅರ್ಧ ವಾದ. ನಮ್ಮ ಬಲ್ಬಿನ ಹೋಲ್ಡರಿಗೆ ಯಾವ ಕಂಪನಿಯ ಬಲ್ಬಾದರೂ ಕೂಡುತ್ತದೆ. ಒಂದು ಕಂಪನಿ ಮುಳುಗಿದರೆ ಇನ್ನೊಂದರದ್ದು ತರುತ್ತೇವೆ. ಆ ಸ್ವಾತಂತ್ರ್ಯ ಬಂದದ್ದು ಕಂಪನಿಗಳ ಔದಾರ್ಯದಿಂದಲ್ಲ, ಎಲ್ಲರಿಗೂ ಒಂದೇ ಆದ ಮಾನಕದಿಂದ. ಮನೆಯ ಉಪಕರಣಗಳಿಗೂ ಅಂತಹದೊಂದು ಹೋಲ್ಡರು ಈಗ ಬಂದಿದೆ. 2022ರಲ್ಲಿ ಹೊರಬಂದ ‘ಮ್ಯಾಟರ್’ ಎಂಬ ಮಾನಕದಲ್ಲಿ ಆಜ್ಞೆಗಳು ಮನೆಯೊಳಗಿನ ಜಾಲದಲ್ಲಿಯೇ ಸಾಗಬಲ್ಲವು. ‘ಜಿಗ್‌ಬೀ’ ಅದಕ್ಕಿಂತ ಹಳೆಯದು. ‘ಹೋಮ್ ಅಸಿಸ್ಟೆಂಟ್’ ಎಂಬ ಮುಕ್ತ ತಂತ್ರಾಂಶವನ್ನು ಸಣ್ಣ ಗಣಕಯಂತ್ರವೊಂದರಲ್ಲಿ ಹಾಕಿ ಇವನ್ನೆಲ್ಲ ಮನೆಯಿಂದಲೇ ಆಳಬಹುದು. ಸ್ವಲ್ಪ ಕಲಿಯಬೇಕಾಗುತ್ತದೆ, ಅಷ್ಟೆ. ದಾರಿ ಇರುವಾಗಲೂ ಸರ್ವರಿಗೆ ಕಟ್ಟಿಹಾಕುವುದು ತಂತ್ರಜ್ಞಾನದ ಅನಿವಾರ್ಯತೆಯಲ್ಲ, ಲೆಕ್ಕಾಚಾರ.

ಸಣ್ಣ ಪ್ರಶ್ನೆಗಳಿಗೂ ಉತ್ತರ ಹೇಳಿಬಿಡುತ್ತೇನೆ. ಹಳೆಯ ಮನೆಗಳ ಎತ್ತರದ ಹೊಸ್ತಿಲನ್ನು ಸಾಧಾರಣ ಗುಡಿಸುವ ರೋಬಾಟು ದಾಟದು. ಬಾಗಿಲ ರಂಗೋಲಿಯನ್ನು ಮಾತ್ರ ನಿಷ್ಠೆಯಿಂದ ಅಳಿಸುತ್ತದೆ. ಎರಡು ಕಿಲೋವಾಟಿನ ಗೀಸರು ಸುಮಾರು 9 ಆಂಪಿಯರ್ ಎಳೆಯುವುದರಿಂದ 6 ಆಂಪಿಯರಿನ ಸ್ಮಾರ್ಟ್ ಪ್ಲಗ್ಗಿಗೆ ಅದನ್ನು ಸಿಕ್ಕಿಸಬಾರದು, 16 ಆಂಪಿಯರಿನದೇ ಬೇಕು. ಹಳೆಯ ಕೆಲವು ಸ್ವಿಚ್‌ಪೆಟ್ಟಿಗೆಗಳಲ್ಲಿ ನ್ಯೂಟ್ರಲ್ ತಂತಿ ಇರುವುದಿಲ್ಲ. ಬಹಳಷ್ಟು ಸ್ಮಾರ್ಟ್ ಸ್ವಿಚ್ಚುಗಳು ಅದನ್ನು ಬೇಡುತ್ತವೆ. ಕೊಳ್ಳುವ ಮೊದಲೇ ಬಿಚ್ಚಿಸಿ ನೋಡಿ.

ವಿದೇಶದಲ್ಲಿರುವ ಮಕ್ಕಳು ಬೆಂಗಳೂರು, ಮೈಸೂರುಗಳಲ್ಲಿ ಒಂಟಿಯಾಗಿರುವ ತಂದೆತಾಯಿಯರ ಮನೆಗಳಲ್ಲಿ ಇವನ್ನೆಲ್ಲ ಹೂಡಿಸಿ ಹೋಗುವುದನ್ನು ನೋಡುತ್ತಿದ್ದೇನೆ. ಅವರ ಕಳಕಳಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಂಬತ್ತರ ಮುದುಕಿ ತನ್ನ ಅಡುಗೆಮನೆಯ ದೀಪಕ್ಕೆ ಇಂಗ್ಲಿಷಿನಲ್ಲಿ ಬೇಡಿಕೊಳ್ಳುವಂತಾಗಬಾರದು. ಗೋಡೆಯ ಸ್ವಿಚ್ಚು ಮೊದಲಿನಂತೆಯೇ ಕೆಲಸ ಮಾಡಬೇಕು. ಕ್ಯಾಮೆರಾ ಹಾಕುವ ಮುನ್ನ ಅವರನ್ನು ಕೇಳಬೇಕು. ಅವರು ಬೇಡವೆಂದರೆ ಬೇಡ.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಒಂದು ಕಾನೂನು ಜಾರಿಯಲ್ಲಿದೆ. ಇಂತಹ ಉಪಕರಣಗಳಿಗೆ ಭದ್ರತಾ ಪರಿಷ್ಕರಣೆಯನ್ನು ಕನಿಷ್ಠ ಎಲ್ಲಿಯವರೆಗೆ ಒದಗಿಸುವೆವೆಂದು ತಯಾರಕರು ಬಹಿರಂಗವಾಗಿ ಹೇಳಲೇಬೇಕು. ನಮ್ಮ ಫ್ರಿಜ್ಜಿನ ಮೇಲೆ ವಿದ್ಯುತ್ ಮಿತವ್ಯಯದ ನಕ್ಷತ್ರಗಳ ಚೀಟಿ ಅಂಟಿಸಲು ಸಾಧ್ಯವಾದ ದೇಶದಲ್ಲಿ, ಈ ಪೆಟ್ಟಿಗೆಗಳ ಮೇಲೆ ಎರಡು ಸಾಲು ಅಚ್ಚು ಮಾಡಿಸುವುದು ಕಷ್ಟವೇ? ಅಂತರ್ಜಾಲವಿಲ್ಲದೆ ಏನೇನು ಕೆಲಸ ಮಾಡುತ್ತದೆ ಎಂಬುದು ಒಂದು ಸಾಲು, ಸರ್ವರನ್ನು ಯಾವ ಇಸವಿಯವರೆಗೆ ನಡೆಸುತ್ತೇವೆ ಎಂಬುದು ಇನ್ನೊಂದು. ಅದು ಬರುವವರೆಗೆ ಅಂಗಡಿಯಲ್ಲಿಯೇ ವೈ-ಫೈ ಆರಿಸಿ ತೋರಿಸಿರೆಂದು ಕೇಳಿ. ನಾನು ಹಾಗೆ ಕೇಳಿದಾಗ ಮಾರುವ ಹುಡುಗ ವ್ಯವಸ್ಥಾಪಕರನ್ನು ಕರೆದ. ಅವರು ಕೈಪಿಡಿ ತೆರೆದು ಬಹಳ ಹೊತ್ತು ಹುಡುಕಿದರು.